ವೈನಿಯ ಎಕ್ಕೆ ಹುಳುಗಳಿಗೆ ನಾನು ಕಾವಲಿದ್ದದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಹುಳುಗಳನ್ನು ಕೊಂದದ್ದು ಕಾಗೆಯಲ್ಲ, ಕಂಪನಿಯಲ್ಲ, ಅದಿರಿನ ಧೂಳೂ ಅಲ್ಲ. ನಾನು. ಅದೂ ಅವುಗಳನ್ನು ಉಳಿಸುವ ಸದುದ್ದೇಶದಿಂದ! ಕೆಟ್ಟ ಉದ್ದೇಶವಿದ್ದಿದ್ದರೆ ಒಂದೆರಡಾದರೂ ಬದುಕುತ್ತಿದ್ದವು. ಯಾಕೆಂದರೆ ನಾನು ಬೇಕೆಂದು ಹಿಡಿದ ಕೆಲಸ ಯಾವುದೂ ಇದುವರೆಗೆ ಪೂರ್ತಿಯಾದದ್ದಿಲ್ಲ.

ನನ್ನ ಹೆಸರು ಪವಮಾನ. ಮನೆಯಲ್ಲಿ ಪವ್ಯಾ. ಆಗ ನನಗೆ ಹೊಸಪೇಟೆಯ ಹೊರಗಿನ ಒಂದು ಅದಿರು ಯಾರ್ಡಿನಲ್ಲಿ ಕೆಲಸ. ಲಾರಿ ವೇಬ್ರಿಜ್ಜಿನ ಮೇಲೆ ಹತ್ತಬೇಕು, ನಾನು ತೂಕ ಬರೆಯಬೇಕು, ಲಾರಿ ಇಳಿಯಬೇಕು. ಸಂಡೂರಿನ ಗುಡ್ಡಗಳು ಲಾರಿಯಲ್ಲಿ ಕೂತು ಬಂದರಿಗೆ ಹೋಗುತ್ತಿದ್ದ ಕಾಲ ಅದು. ದಾರಿಯಲ್ಲಿ ಉದುರಿದ್ದು ನಮ್ಮ ಮೂಗಿಗೆ ಬರುತ್ತಿತ್ತು. ಬಿಳಿ ಅಂಗಿ ತೊಟ್ಟವನನ್ನು ಕಂಡರೆ ‘ಯಾವೂರಿನವರ್ರಿ ನೀವು?’ ಎಂದು ಕೇಳುತ್ತಿದ್ದರು.

ತೂಕ ಬರೆಯುವುದು ನನ್ನ ಹೊಟ್ಟೆಪಾಡು, ನಕಲು ಮಾಡುವುದು ನನ್ನ ಕಲೆ. ಅಪ್ಪನ ಸಂಧ್ಯಾವಂದನೆ, ಅಮ್ಮನ ನಿಟ್ಟುಸಿರು, ಹಿಂದಕ್ಕೆ ಬರುವ ಲಾರಿಯ ಪೀಂ ಪೀಂ, ಎಲ್ಲವೂ ನನ್ನ ಗಂಟಲಲ್ಲಿದ್ದವು. ಅತಿ ಹೆಚ್ಚು ಬೇಡಿಕೆಯಿದ್ದದ್ದು ನಮ್ಮ ಮ್ಯಾನೇಜರ್ ಸಾಹೇಬರ ದನಿಗೆ. ಎರಡು ಒಣ ಕೆಮ್ಮು, ತೆಲುಗಿನಲ್ಲಿ ‘ಆಗಲಿ ಆಗಲಿ’ ಎನ್ನುವ ಒಂದು ‘ಕಾನೀ ಕಾನೀ, ಜಲ್ದಿ’, ಆಮೇಲೆ ಬೈಗುಳ. ಅವರನ್ನು ಕಂಡರೆ ನಡುಗುವ ಡ್ರೈವರುಗಳು ನನ್ನ ಕ್ಯಾಬಿನ್ನಿಗೆ ಬಂದು ಅದೇ ಬೈಗುಳವನ್ನು ಚಹಾ ಕೊಡಿಸಿ ಕೇಳುತ್ತಿದ್ದರು!

ಇನ್ನು ವೈನಿ. ಅಣ್ಣನ ಹೆಂಡತಿ. ಸಂಡೂರು ರಸ್ತೆಯ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ ವಿಜ್ಞಾನದ ಟೀಚರು. ಆ ಶಾಲೆಯ ಮಕ್ಕಳು ಬೆಳಿಗ್ಗೆ ಬಿಳಿ ಸಮವಸ್ತ್ರದಲ್ಲಿ ಹೋಗಿ ಸಂಜೆ ಇಟ್ಟಿಗೆ ಬಣ್ಣದಲ್ಲಿ ಬರುತ್ತಿದ್ದರು. ಪ್ರಾರ್ಥನೆ ಮುಗಿಯುವುದರೊಳಗೆ ಅರ್ಧ ಸಾಲು ಕೆಮ್ಮುತ್ತಿತ್ತು. ಇದು ಸಾಲದೆಂಬಂತೆ ನಮ್ಮ ಕಂಪನಿ ಶಾಲೆಯ ಹಿಂಗೋಡೆಗೆ ತಾಗಿಯೇ ಇನ್ನೊಂದು ಯಾರ್ಡ್ ಕೇಳಿತ್ತು. ಅದರ ಬಗ್ಗೆ ಊರವರ ಅಹವಾಲು ಕೇಳಲು ಅಧಿಕಾರಿಗಳು ಸಭೆ ಗೊತ್ತುಮಾಡಿದ್ದರು. ಕಂಪನಿಯವರದು ಒಂದೇ ಮಾತು: ‘ಧೂಳಿನಿಂದ ಯಾವ ಜೀವಕ್ಕೂ ತೊಂದರೆಯಿಲ್ಲ. ಇದ್ದರೆ ತೋರಿಸಿ.’

ವೈನಿ ತೋರಿಸಲು ಹೊರಟರು.

ನಮ್ಮ ಹಿತ್ತಲಲ್ಲಿ ಎರಡು ಎಣ್ಣೆ ಡಬ್ಬ ಇಟ್ಟು ಎರಡರಲ್ಲೂ ಎಕ್ಕೆ ಗಿಡ ನೆಟ್ಟರು. ಒಂದು ಶಾಲೆಯ ಬೇಲಿಯದು, ಎಲೆಯ ಮೇಲೆ ಬೆರಳಿಟ್ಟರೆ ಅಚ್ಚು ಮೂಡುವಷ್ಟು ಧೂಳಿನದು. ಇನ್ನೊಂದು ಅವರ ತವರಾದ ಎಮ್ಮಿಗನೂರಿನ ಕಾಲುವೆ ದಂಡೆಯದು, ದಿನವೂ ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿದ್ದ ಭಾಗ್ಯವಂತ ಗಿಡ. ಎರಡಕ್ಕೂ ಒಂದೇ ತಾಯಿಯ ಮೊಟ್ಟೆಯಿಂದ ಬಂದ ಹುಳುಗಳನ್ನು ಬಿಟ್ಟು, ಹಳೆಯ ಸೊಳ್ಳೆ ಪರದೆ ಕತ್ತರಿಸಿ ಹೊದಿಸಿದರು. ಧೂಳಿನ ಡಬ್ಬದ ಹುಳುಗಳು ಊದಿನಕಡ್ಡಿಯಂತೆ ಒಣಗುತ್ತ ಒಂದೊಂದಾಗಿ ಉದುರಿದವು. ಶುದ್ಧ ಡಬ್ಬದವು ಮದುವೆ ಮನೆಯ ನೆಂಟರಂತೆ ಉಬ್ಬಿದವು. ಬಿಳಿ ಮೈ, ಕಪ್ಪು ಪಟ್ಟೆ, ನಡುನಡುವೆ ಹಳದಿ, ಬೆನ್ನಿಗೆ ಕಪ್ಪು ಕೋಡು. ಇವು ಚಿಟ್ಟೆಯಾದರೆ ಎರಡೂ ಡಬ್ಬವನ್ನು ಸಭೆಯ ಮೇಜಿನ ಮೇಲಿಡುವುದು ವೈನಿಯ ಯೋಚನೆ.

“ನೋಡಿಲ್ಲಿ ಪವ್ಯಾ,” ಎಂದು ಒಂದು ಸಂಜೆ ನನ್ನನ್ನು ಕರೆದರು. “ಮದ್ಲ ಎಲಿ ನರ ಕಡದು ಹಾಲು ಇಳಸ್ತದ. ಆಮ್ಯಾಲ ತಿಂತದ.”

“ಅಪ್ಪಾ ಉಣ್ಣೂ ಮುಂಚೆ ಎಲಿ ಸುತ್ತಲೂ ನೀರು ಸುತ್ತತಾನಲ್ಲ, ಹಂಗ.”

“ಚ್ಯಾಷ್ಟಿ ಸಾಕು. ಎಕ್ಕಿ ಹಾಲು ವಿಷ. ದನಾ ಸೈತ ಮೂಸೂದಿಲ್ಲ. ಇದು ಅದನ್ನ ತಿಂದ ಬೆಳೀತದ, ತಿಂದ ವಿಷಾನ ಮೈಯಾಗ ಕೂಡಿ ಇಟ್ಕೋತದ. ಚಿಟ್ಟಿ ಆದಮ್ಯಾಲೂ ಇರ್ತದ ಅದು. ಹಕ್ಕಿ ಒಮ್ಮೆ ನುಂಗಿತು ಅಂದ್ರ ಕಾರಿಕೊಂಡು, ಆ ಬಣ್ಣಾ ಕಂಡ್ರ ಮತ್ತೆ ಸನೇಕ ಬರೂದಿಲ್ಲ.”

“ಥೇಟ್ ನಮ್ಮ ಮ್ಯಾನೇಜರ್!”

“ಇದರಾಗ ಇನ್ನೊಂದು ಮಜಾ ಅದ. ಬ್ಯಾರೆ ಒಂದು ಚಿಟ್ಟಿ ಅದ, ಅದು ಎಕ್ಕಿ ಮುಟ್ಟೂದಿಲ್ಲ, ಅದರ ಮೈಯಾಗ ವಿಷಾನೂ ಇಲ್ಲ. ಆದ್ರ ಇದರ ಹಂಗ ವೇಷಾ ಹಾಕ್ಕೊಂಡು...”

ವೈನಿ ಮುಂದೇನು ಹೇಳಿದರೋ ನನಗೆ ಕೇಳಲಿಲ್ಲ. ಆ ಹೊತ್ತಿಗೆ ನಾನು ಹಿತ್ತಲ ಕಲ್ಲಿನ ಮೇಲೆ ಮಕಾಡೆ ಮಲಗಿ, ಸೊಂಟ ಎತ್ತಿ ಇಳಿಸಿ, ಹುಳುವಿನ ನಕಲು ಮಾಡುತ್ತಿದ್ದೆ. ಅಮ್ಮ ನಕ್ಕರು. ಅಪ್ಪ ಕೂಡ ಒಂದು ಚೂರು ನಕ್ಕರು. ವಿದ್ಯೆ ಹೋದರೂ ಚಪ್ಪಾಳೆ ಬಂತಲ್ಲ!

ರಥಸಪ್ತಮಿಯ ಹಿಂದಿನ ದಿನ ಅಣ್ಣ ಮತ್ತು ವೈನಿ ಎಮ್ಮಿಗನೂರಿಗೆ ಹೊರಟರು. ಅಲ್ಲಿ ವೈನಿಯ ತಂದೆಗೆ ಮೈ ಸರಿಯಿರಲಿಲ್ಲ. ಹೋಗುವಾಗ ವೈನಿ ನನ್ನ ಕೈ ಹಿಡಿದು ಹೇಳಿದರು: “ಪವ್ಯಾ, ಪರದಿ ಎತ್ತಬ್ಯಾಡ. ನೀರು ಹಾಕು, ಅಷ್ಟ. ಇನ್ನೆರಡ ದಿನದಾಗ ಕೋಶಾ ಕಟ್ತಾವ. ಆ ಹುಡುಗರ ಸಲುವಾಗಿ ನನ್ನ ಹತ್ರ ಇರೂದು ಇವಷ್ಟ.”

“ವೈನಿ, ಟನ್ನುಗಟ್ಟಲೆ ಅದಿರು ಕಾಯೋ ಮನುಷ್ಯಾ ನಾನು. ನಾಲ್ಕು ಹುಳಾ ಕಾಯಲಾರೆನೇನ್ರೀ?”

ಕಾಯಲಾರೆ ಎಂಬುದು ಮರುದಿನ ಸೂರ್ಯೋದಯಕ್ಕೂ ಮೊದಲೇ ಸಾಬೀತಾಯಿತು.

ರಥಸಪ್ತಮಿಯಂದು ನಮ್ಮಲ್ಲಿ ಎಕ್ಕೆ ಎಲೆ ಇಟ್ಟುಕೊಂಡು ಸ್ನಾನ ಮಾಡಬೇಕು. ತಲೆಗೆ, ಭುಜಕ್ಕೆ, ಮೊಣಕಾಲಿಗೆ, ಪಾದಕ್ಕೆ, ಒಟ್ಟು ಏಳೆಲೆ ಒಬ್ಬೊಬ್ಬರಿಗೆ. ಎಲೆ ತರುವುದು ಪ್ರತಿ ವರ್ಷವೂ ನನ್ನ ಪಾಲಿನ ಕೆಲಸ. ವೈನಿ ಹೊರಟ ದಿನದ ಸಂಜೆ ಡ್ಯೂಟಿ ಮುಗಿಸಿ ಬರುವಾಗ ಬೈಪಾಸಿನ ಪಕ್ಕದ ಗಿಡಗಳಿಂದ ಕಿತ್ತು ತಂದೆ. ಅಪ್ಪ ಒಂದೆಲೆ ಎತ್ತಿ ನೋಡಿ ಕೆಳಗಿಟ್ಟರು.

“ಇದು ಎಕ್ಕಿ ಎಲಿನೋ, ಮಂಗಳೂರು ಹಂಚೋ?”

“ತೊಳದ್ರ ಹೋಗ್ತದ ಅಪ್ಪಾ.”

“ಸೂರ್ಯದೇವರಿಗೆ ಮೈ ತೊಳಕೊಳ್ಳೂ ಎಲಿ. ಮದ್ಲ ಎಲೀಗೆ ಸ್ನಾನಾ ಮಾಡಿಸಿ, ಅದರಿಂದ ನಾ ಸ್ನಾನಾ ಮಾಡ್ಲೇನು? ಬ್ಯಾರೆ ತಗೊಂಬಾ.”

ಮತ್ತೆ ಬೈಪಾಸಿಗೆ ಹೋಗಬೇಕು. ಹೋದರೂ ಮತ್ತೆ ಹಂಚೇ. ಆಗ ನನ್ನ ಕಣ್ಣು ಹಿತ್ತಲಿನ ಸೊಳ್ಳೆ ಪರದೆಯ ಮೇಲೆ ಬಿತ್ತು. ಇಡೀ ಹೊಸಪೇಟೆಯಲ್ಲೇ ಹಸಿರಾಗಿದ್ದ ಏಕೈಕ ಎಕ್ಕೆ ಗಿಡ ನಮ್ಮ ಮನೆಯಲ್ಲಿ! ವೈನಿ ಪರದೆ ಎತ್ತಬೇಡ ಎಂದದ್ದು ಹುಳುಗಳ ಸಲುವಾಗಿ, ಸರಿ. ನಾನು ಮುಟ್ಟುವುದು ಎಲೆ ಮಾತ್ರ ತಾನೆ? ಎಲೆ ಮತ್ತೆ ಚಿಗುರುತ್ತದೆ. ಹೀಗೆ ಕಾನೂನಿನ ಸಕಲ ಅಂಶಗಳನ್ನು ಪರಿಶೀಲಿಸಿ, ಪರದೆ ಎತ್ತಿ, ಹುಳುಗಳನ್ನು ಮೆಲ್ಲಗೆ ಕೊಡವಿ, ಮೂವರಿಗೆ ಏಳೇಳರಂತೆ ಎಲೆ ಕಿತ್ತೆ. ಗಿಡದಲ್ಲಿ ಉಳಿದದ್ದು ಒಂದು ಕಡ್ಡಿ. ಕಡ್ಡಿಯ ಸುತ್ತ ದಿಗಿಲು ಬಿದ್ದ ಹುಳುಗಳು.

ಬೆಳಗಿನ ಮಬ್ಬಿನಲ್ಲಿ ಅಪ್ಪ ಬಚ್ಚಲಲ್ಲಿ ಕೂತು, ತಲೆಗೆ ಎಲೆ ಇಟ್ಟುಕೊಂಡು ಮಂತ್ರ ಶುರುಮಾಡಿದರು. ಅರ್ಧದಲ್ಲೇ ಮಂತ್ರ ನಿಂತಿತು.

“ಪವ್ಯಾ... ಎಲಿ ನಡೀಲಿಕ್ಕೆ ಹತ್ಯದಲ್ಲೋ!”

“ಸೂರ್ಯದೇವರ ರಥದ ಕುದರಿ ಇಳದು ಬಂದಿರಬೇಕು ಅಪ್ಪಾ.”

“ಕುದರಿ ಕಿವಿಯೊಳಗ ಹೊಂಟದಲೇ!”

ತಂಬಿಗೆ ಒಂದು ಕಡೆ ಹಾರಿತು, ಅಪ್ಪ ಇನ್ನೊಂದು ಕಡೆ. ಬಿಸಿನೀರಿನ ಜೊತೆ ಬಚ್ಚಲಿನ ಕಿಂಡಿಯಲ್ಲಿ ಸುರುಳಿ ಸುತ್ತಿಕೊಂಡು ಹೋದ ಪಟ್ಟೆ ಪಟ್ಟೆಯ ಜೀವವನ್ನು ಕಂಡು ಅಮ್ಮ, “ಅಯ್ಯ, ಇದು ನಮ್ಮ ಸುಧಾನ ಹುಳಾ ಅಲ್ಲೇನೋ?” ಎಂದರು. ವೈನಿಯ ಹೆಸರು ಸುಧಾ. ಮೊದಲನೆಯ ಬಲಿ ಪುಣ್ಯಸ್ನಾನದಲ್ಲೇ ಆಗಿತ್ತು.

ಉಳಿದವು ಉಪವಾಸ ಬಿದ್ದಿದ್ದವು. ಅಡುಗೆಮನೆಯಿಂದ ಎಲೆಕೋಸು ತಂದಿಟ್ಟೆ. ಮೂಸಲಿಲ್ಲ. ಕರಿಬೇವು, ಕೊತ್ತಂಬರಿ. ಇಲ್ಲ. ಅಮ್ಮ ಹಬ್ಬಕ್ಕೆ ಮಾಡಿದ ಕೋಸಂಬರಿಯನ್ನೂ ಇಟ್ಟೆ. ಪಂಕ್ತಿಭೇದ ನೋಡುವ ಆಚಾರ್ಯರಂತೆ ತಲೆ ಆಚೆ ತಿರುಗಿಸಿದವು. ಸಾಯುತ್ತೇವೆ, ಬೇರೆ ಎಲೆ ತಿನ್ನೆವು! ಕಡ್ಡಿಯ ತುದಿಗೆ ಹತ್ತಿ, ಅಲ್ಲೇನೂ ಇಲ್ಲವೆಂದು ಕಂಡು, ಮತ್ತೆ ಇಳಿದು, ಮತ್ತೆ ಹತ್ತುತ್ತಿದ್ದವು. ಅದನ್ನು ಮಾತ್ರ ನನಗೆ ನಕಲು ಮಾಡಲು ಮನಸ್ಸಾಗಲಿಲ್ಲ.

ನಿನ್ನೆ ಅಪ್ಪ ತಿರಸ್ಕರಿಸಿದ ಕೆಂಪು ಎಲೆಗಳು ಇನ್ನೂ ಮೂಲೆಯಲ್ಲಿದ್ದವು. ನೀರಲ್ಲಿ ತೊಳೆದೆ. ಧೂಳು ಕದಲಲಿಲ್ಲ. ಎಕ್ಕೆ ಎಲೆಯ ಮೇಲೆ ಸಣ್ಣ ತುಪ್ಪಳವಿರುತ್ತದೆ. ಅದರೊಳಗೆ ಅದಿರು ಹೊಕ್ಕರೆ ಬಣ್ಣ ಬಳಿದಂತೆಯೇ ಸೈ. ಅಮ್ಮ ನನ್ನ ಯಾರ್ಡಿನ ಅಂಗಿಯಿಂದ ಅದಿರು ಬಿಡಿಸುವುದು ಹೇಗೆ? ಸೋಪಿನ ಪುಡಿಯಿಂದ! ಒಂದು ಹಿಡಿ ಹಾಕಿ, ನೊರೆ ಎಬ್ಬಿಸಿ, ಒಂದೊಂದೇ ಎಲೆಯನ್ನು ಕಾಲರಿನಂತೆ ಉಜ್ಜಿದೆ. ಎಲೆಗಳು ಪಳಪಳ ಹೊಳೆದವು. ಹುಳುಗಳು ಓಡೋಡಿ ಬಂದು ತಿಂದವು. ನನಗೆ ಕಣ್ಣು ತುಂಬಿ ಬಂತು.

ಮಧ್ಯಾಹ್ನದ ಹೊತ್ತಿಗೆ ಹೆಚ್ಚಿನವು ಡಬ್ಬದ ತಳದಲ್ಲಿ ಕಪ್ಪಾಗಿ ಬಿದ್ದಿದ್ದವು. ವಿಷ ಉಂಡು ಬೆಳೆದ ಪ್ರಾಣಿಗಳು ನನ್ನ ಸ್ವಚ್ಛತೆ ಉಂಡು ಸತ್ತವು.

ಮೂರು ಮಾತ್ರ ಇನ್ನೂ ಮಿಸುಕುತ್ತಿದ್ದವು. ಅವಕ್ಕಾದರೂ ಒಳ್ಳೆಯ ಎಲೆ ಬೇಕು. ಕಂಪ್ಲಿ ಬಸ್ಸು ಹತ್ತಿ ಕಾಲುವೆ ದಂಡೆಗೆ ಹೋಗಿ ನಾಲ್ಕೆಲೆ ಕಿತ್ತು ತರಬಹುದಿತ್ತು. ಅಷ್ಟು ಸರಳವಾದ ದಾರಿ ನನಗೆ ಹೊಳೆದಿದ್ದರೆ ಈ ಬರಹಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಮಧ್ಯಾಹ್ನದ ಪಾಳಿಗೆ ಹೋದವನಿಗೆ ಹೊಳೆದದ್ದು ಬೇರೆ. ಯಾರ್ಡಿನ ಗೇಟಿನ ತಿರುವಿನಲ್ಲಿ ಒಂದು ಎಕ್ಕೆ ಪೊದೆ. ಕೆಂಪಗಿತ್ತು, ನಿಜ. ಆದರೆ ರಸ್ತೆಗೆ ನೀರು ಹೊಡೆಯುವ ನಮ್ಮ ಟ್ಯಾಂಕರಿನ ಪೈಪು ಹಿಡಿದರೆ ಅದರ ರಭಸಕ್ಕೆ ಎಂಥ ಧೂಳೂ ನಿಲ್ಲದು. ಸೋಪೂ ಬೇಡ. ಆದರೆ ತೂಕದ ಹುಡುಗ ಹೇಳಿದರೆ ಟ್ಯಾಂಕರಿನ ಮಾಬುಸಾಬ ಕೇಳುತ್ತಾನೆಯೇ?

ಕ್ಯಾಬಿನ್ನಿನ ಫೋನೆತ್ತಿದೆ. ಎರಡು ಒಣ ಕೆಮ್ಮು.

“ಏಯ್ ಮಾಬೂ. ಗೇಟಿನ ಟರ್ನಿಂಗಿನಾಗ ಎಕ್ಕಿ ಗಿಡ ಐತಲ್ಲ. ಚೆಂದಗ ನೀರು ಹೊಡಿ. ಕಾನೀ ಕಾನೀ, ಜಲ್ದಿ!”

“ಎಕ್ಕಿ ಗಿಡಕ್ಕೇನ್ರೀ ಸಾರ್?”

“ನಿನಗೇನಲೇ ತಲಿಬ್ಯಾನಿ? ಎಲಿ ಹೊಳೀಬೇಕು!”

“ಆತ್ರಿ ಸಾರ್, ಆತ್ರಿ.”

ಮಾಬುಸಾಬ ಹೇಳಿದ್ದಕ್ಕಿಂತ ಹೆಚ್ಚು ಮಾಡುವ ಒಳ್ಳೆಯ ಮನುಷ್ಯ. ಸಾಹೇಬರೇ ಖುದ್ದು ಹೇಳಿದ್ದಾರೆಂದು ಇಡೀ ಟ್ಯಾಂಕರನ್ನು ಆ ಪೊದೆಗೆ ಅಭಿಷೇಕ ಮಾಡಿದ. ಎಲೆ ಹೊಳೆಯಿತು. ಜೊತೆಗೆ ತಿರುವಿನ ರಸ್ತೆ ಮೊಣಕಾಲುದ್ದ ಕೆಸರಾಯಿತು. ಸಂಡೂರಿನಿಂದ ತುಂಬಿ ಬಂದ ಲಾರಿಯೊಂದು ಅದೇ ಹೊತ್ತಿಗೆ ತಿರುಗಿತು, ಜಾರಿತು, ಒಂದು ಕ್ಷಣ ಯೋಚಿಸಿತು, ಮಗ್ಗುಲಾಯಿತು. ಡ್ರೈವರು, ಕ್ಲೀನರು ಇಬ್ಬರೂ ಜಿಗಿದು ಪಾರಾದರು. ಪಾರಾಗದಿದ್ದದ್ದು ಎಕ್ಕೆ ಪೊದೆ. ಲೋಡಿಗೆ ಲೋಡೇ ಅದರ ಮೇಲೆ! ಹಿಂದೆ ಲಾರಿಗಳ ಸಾಲು ಬೆಳೆಯುತ್ತ ಹೋಗಿ ಕಣ್ಣಿಗೆ ಮರೆಯಾಯಿತು.

ಮ್ಯಾನೇಜರ್ ಸಾಹೇಬರು ಬಂದರು. ನಿಜವಾದ ಕೆಮ್ಮಿನೊಂದಿಗೆ.

“ಯಾವನಲೇ ಇಲ್ಲಿ ನೀರು ಹೊಡಿ ಅಂದಾಂವ?”

“ನೀವ ಅಂದ್ರೆಲ್ರೀ ಸಾರ್, ಫೋನಿನ್ಯಾಗ,” ಎಂದ ಮಾಬುಸಾಬ. “ಎಲಿ ಹೊಳೀಬೇಕು ಅಂದ್ರಿ.”

ಸಾಹೇಬರು ಸುತ್ತ ನೋಡಿದರು. ಡ್ರೈವರುಗಳೆಲ್ಲ ಒಟ್ಟಿಗೆ ನನ್ನ ಕ್ಯಾಬಿನ್ನಿನ ಕಡೆ ನೋಡಿದರು. ಚಹಾ ಕೊಡಿಸಿದ ಋಣ!

“ಬಾ ಇಲ್ಲಿ,” ಎಂದರು ಸಾಹೇಬರು, ಮೆತ್ತಗೆ. “ನನ್ನ ಹಂಗ ಭಾಳ ಮಸ್ತ್ ಮಾತಾಡ್ತಿ ಅಂತಲ್ಲ. ಮಾತಾಡು.”

“ಏನಂತ ಸಾರ್?”

“ಪವಮಾನ, ನಾಳಿಂದ ಕೆಲಸಕ್ಕ ಬರಬ್ಯಾಡ ಅಂತ.”

ಬೇರೆ ದಾರಿಯಿರಲಿಲ್ಲ. ಗಂಟಲು ಸರಿಮಾಡಿಕೊಂಡು, ಎರಡು ಕೆಮ್ಮು ಕೆಮ್ಮಿ, ಸಾಹೇಬರ ದನಿಯಲ್ಲಿ ನನ್ನನ್ನು ನಾನೇ ಕೆಲಸದಿಂದ ತೆಗೆದೆ. ಕೊನೆಗೆ ‘ಕಾನೀ ಕಾನೀ’ ಕೂಡ ಬಿಡಲಿಲ್ಲ. ಯಾರೋ ಚಪ್ಪಾಳೆ ಹೊಡೆದರು. ಸಾಹೇಬರು ನಗಲಿಲ್ಲ.

“ದನಿ ಬಂದೈತಿ. ಕೆಮ್ಮು ಬಂದಿಲ್ಲ,” ಎಂದರು. “ಅದಕ್ಕ ಇಲ್ಲಿ ವರ್ಷಗಟ್ಲೆ ಕುಂತು ಧೂಳಾ ತಿನ್ನಬೇಕಲೇ.”

ಮನೆಗೆ ಬಂದಾಗ ಆ ಮೂರೂ ಮಿಸುಕಾಡುವುದನ್ನು ನಿಲ್ಲಿಸಿದ್ದವು.

ಮರುದಿನ ವೈನಿ ಬಂದರು. ಚೀಲ ಇಳಿಸದೆ ಹಿತ್ತಲಿಗೆ ಹೋದರು. ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ. ವೈನಿ ಬೈದರೆ ಆಮೇಲೆ ಅದನ್ನು ನಕಲು ಮಾಡಿ ನಗಿಸಬಹುದು, ನಕ್ಕರೆ ಮುಗಿಯಿತು. ಅವರು ಬೈಯಲೇ ಇಲ್ಲ. ಒಂದು ಸತ್ತ ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ಮೂಸಿದರು. “ಸೋಪು,” ಎಂದರು. ಅಷ್ಟೇ.

ಬೈಗುಳ ಬೀದಿಯಿಂದ ಬಂತು, ಅದೂ ಹೊಗಳಿಕೆಯ ರೂಪದಲ್ಲಿ. ಕಿರಾಣಿ ಅಂಗಡಿಯವನು ಕಣ್ಣು ಹೊಡೆದು, “ಕಂಪನಿ ಉಪ್ಪು ತಿಂದಿದ್ದಕ್ಕ ಚಲೋ ಕೆಲಸಾ ಮಾಡಿದಿ ಬಿಡು! ವೈನೀದ ಹುಳಾ ಎಲ್ಲಾ ಕ್ಲೀನ್!” ಎಂದ. ಕಂಪನಿ ನನ್ನನ್ನು ತೆಗೆದುಹಾಕಿದೆ ಎಂದರೆ ಅವನು ನಂಬಲಿಲ್ಲ. ಅಪ್ಪನೂ ಎರಡು ದಿನ ನನ್ನ ಮುಖ ನೋಡದೆ ಉಂಡರು.

ಹೇಗಾದರೂ ಸರಿಪಡಿಸಬೇಕು. ಸಭೆಯ ದಿನ ಬೆಳಿಗ್ಗೆಯೇ ಕಂಪ್ಲಿ ಬಸ್ಸು ಹತ್ತಿದೆ. (ಹತ್ತುವ ದಾರಿ ಕೊನೆಗೂ ಹೊಳೆದಿತ್ತು!) ವೈನಿಯ ಪುಸ್ತಕದಲ್ಲಿದ್ದ ಚಿಟ್ಟೆಯ ಚಿತ್ರ ನೆನಪಿತ್ತು: ಕಿತ್ತಳೆ ರೆಕ್ಕೆ, ತುದಿಗೆ ಕಪ್ಪು, ಕಪ್ಪಿನಲ್ಲಿ ಬಿಳಿ ಪಟ್ಟೆ. ಎಮ್ಮಿಗನೂರಿನ ಕಾಲುವೆ ದಂಡೆಯ ಮೇಲೆ, ನೆಲಕ್ಕೆ ಹರಡಿದ ಸೊಪ್ಪಿನ ಮೇಲೆ ಅಂಥದೇ ಒಂದು ಸುಳಿದಾಡುತ್ತಿತ್ತು. ಎರಡು ಸಲ ಕೆಸರಿಗೆ ಬಿದ್ದು ಮೂರನೆಯ ಸಲ ಹಿಡಿದೆ. ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಕೊಂಡು, ಬಸ್ಸು ಬದಲಿಸಿ, ಸಂಡೂರು ರಸ್ತೆಯ ಆ ಶಾಲೆಗೆ ಓಡಿದೆ.

ಶಾಲೆಯ ಅಂಗಳದಲ್ಲಿ ಶಾಮಿಯಾನ. ಮೇಜಿನ ಹಿಂದೆ ಅಧಿಕಾರಿ, ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತ, ಆಚೆ ಇಸ್ತ್ರಿಯ ಬಿಳಿ ಅಂಗಿಯ ಕಂಪನಿಯ ವಕ್ತಾರ. ಮುಂದೆ ಊರವರು. ಹಿಂಗೋಡೆಗೆ ಒರಗಿ ಕೆಂಪು ಬಣ್ಣದ ಮಕ್ಕಳು. ವೈನಿ ಎರಡೂ ಡಬ್ಬಗಳನ್ನು ಮೇಜಿನ ಮೇಲಿಟ್ಟು, ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತಿದ್ದರು. ಸೋಪಿನ ಪುಡಿಯನ್ನೂ ಬಿಡದೆ.

“ಅಂದ್ರೆ ಮೇಡಂ,” ಎಂದ ವಕ್ತಾರ, “ಧೂಳಿನ ಡಬ್ಬದಲ್ಲೂ ಸತ್ತಿವೆ, ಧೂಳಿಲ್ಲದ ಡಬ್ಬದಲ್ಲೂ ಸತ್ತಿವೆ. ಧೂಳಿನದೇನು ತಪ್ಪು?”

ಯಾರೋ ನಕ್ಕರು. ಊರ ಗೌಡರು ತಲೆ ತಗ್ಗಿಸಿದರು. ನಾನು ನುಗ್ಗಿದೆ.

“ಸರ್! ಒಂದು ಬದುಕಿದೆ! ಧೂಳಿಲ್ಲದ ಡಬ್ಬದ್ದು! ಕೋಶಾ ಕಟ್ಟಿತ್ತು, ಇವತ್ತ ಹೊರಗ ಬಂತು!”

ಡಬ್ಬಿ ಎತ್ತಿ ಹಿಡಿದೆ. ಚಿಟ್ಟೆ ರೆಕ್ಕೆ ಬಿಚ್ಚಿತು. ಮಕ್ಕಳು “ಹೋ” ಎಂದರು. ಅಧಿಕಾರಿ ಕನ್ನಡಕ ಏರಿಸಿ, ಗುಮಾಸ್ತನಿಗೆ “ಬರ್ಕೊಳ್ರಿ” ಎಂದರು. ವಕ್ತಾರನ ಮುಖ ಸಣ್ಣದಾಯಿತು. ಇಡೀ ಊರು ವೈನಿಯ ಮುಖ ನೋಡುತ್ತಿತ್ತು.

ವೈನಿ ಡಬ್ಬಿಯನ್ನು ತೆಗೆದುಕೊಂಡು ಹಿಂದಿನ ರೆಕ್ಕೆಯನ್ನು ಬಹಳ ಹೊತ್ತು ನೋಡಿದರು. ಗೋಡೆಯ ಹತ್ತಿರ ಒಂದು ಮಗು ಕೆಮ್ಮಿತು.

“ಬರೀಬ್ಯಾಡ್ರಿ ಸರ್,” ಎಂದರು. “ಇದು ನಮ್ಮ ಡಬ್ಬದ್ದಲ್ಲ.”

ಮುಚ್ಚಳ ತೆಗೆದರು. ಚಿಟ್ಟೆ ಶಾಮಿಯಾನದ ಅಂಚು ದಾಟಿ ಹೋಯಿತು. ಗುಮಾಸ್ತ ಪೆನ್ನಿಗೆ ಟೋಪಿ ಹಾಕಿದ. ಅಧಿಕಾರಿ “ಮುಂದಿನವರು” ಎಂದರು. ಮಳೆಗಾಲ ಬರುವುದರೊಳಗೆ ಶಾಲೆಯ ಹಿಂಗೋಡೆಯ ಆಚೆ ಅದಿರಿನ ಗುಡ್ಡೆ ಗೋಡೆಗಿಂತ ಎತ್ತರ ಬೆಳೆಯಿತು.

ಸಭೆ ಮುಗಿದ ಸಂಜೆ ನಾವಿಬ್ಬರೂ ಹೊಸಪೇಟೆಯ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಿದ್ದೆವು. ಮುಂದೆ ಲಾರಿ, ಹಿಂದೆ ಲಾರಿ, ನಡುವೆ ಕೆಂಪು ಗಾಳಿ. ತೊಡೆಯ ಮೇಲೆ ಚಿಟ್ಟೆಯ ಖಾಲಿ ಡಬ್ಬಿ ಇಟ್ಟುಕೊಂಡ ವೈನಿ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು. ನನಗೆ ತಡೆಯಲಾಗಲಿಲ್ಲ.

“ನೋಡ್ಲಿಕ್ಕೆ ಥೇಟ್ ಹಂಗ ಇತ್ತಲ್ರೀ ವೈನಿ. ಯಾರಿಗೆ ಗೊತ್ತಾಗ್ತಿತ್ತು? ಆ ಹುಡುಗರ ಸಲುವಾಗಿ ಒಂದು ಸುಳ್ಳು ನಡೀತಿದ್ದಿಲ್ಲೇನು?”

ವೈನಿ ಮೂಗಿನಿಂದ ಸೆರಗು ತೆಗೆದು ನನ್ನ ಕಡೆ ತಿರುಗಿದರು.

“ಆವತ್ತು ಹೇಳ್ಲಿಕ್ಕೆ ಬಂದ್ರ ಹುಳದ್ಹಂಗ ಹೊರಳ್ಯಾಡಿದೆಲ್ಲ, ಈಗ ಕೇಳು. ಹಿಂದಿನ ರೆಕ್ಕಿ ಮ್ಯಾಲ ನಮ್ಮದಕ್ಕ ಮೂರ್ನಾಕು ಕಪ್ಪು ಚಿಕ್ಕಿ, ಅದಕ್ಕ ಒಂದ. ಅದು ಎಕ್ಕಿ ತಿಂದು ಬೆಳೆದದ್ದಲ್ಲ ಪವ್ಯಾ, ನಾವು ಬ್ಯಾಳ್ಯಾಗ ಹಾಕ್ಕೊಂಡು ಉಣ್ಣೂ ಗೋಣಿಸೊಪ್ಪು ತಿಂದು ಬೆಳೆದದ್ದು. ವಿಷಾ ಉಂಡವರ ಬಣ್ಣಾ ಹೊತಗೊಂಡು ಊರೆಲ್ಲಾ ಹೆದರಿಸಿಕೋತ ತಿರಗತದ, ಒಳಗ ನೋಡಿದ್ರ ನಿನ್ನ ಹಂಗ, ಬರೇ ಗೋಣಿಸೊಪ್ಪು.”